ನೆಲದ ಜ್ವರ ನೋಡುವ ಚಾಕ್‌ಪೀಸಮ್ಮ

ಬಯಲು ಇನ್ನೂ ಮಂಜಿನೊಳಗೇ ಇದೆ. ಹಿಂದೊಮ್ಮೆ ಸಣ್ಣ ವಿಮಾನಗಳು ಇಳಿಯುತ್ತಿದ್ದ ಜಾಗ. ಈಗ ಸಿಮೆಂಟಿನ ಬಿರುಕುಗಳಲ್ಲಿ ಹುಲ್ಲು ಎದ್ದಿದೆ. ಕಾರುಗಳು ನೀರಿಗೆ ಬಂದ ದನಗಳ ಹಾಗೆ ಸದ್ದಿಲ್ಲದೆ ಸಾಲಾಗಿ ನಿಂತಿವೆ. ಅವುಗಳ ನಡುವೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು, ಕೈಗವಸು ಕಳಚಿ, ಅಂಗೈಯನ್ನು ನೆಲಕ್ಕೆ ಊರಿದ್ದಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ.

"ಇನ್ನೂ ನಿದ್ದೆಯಲ್ಲಿದೆ. ಹತ್ತೂವರೆ ಹೊತ್ತಿಗೆ ಏಳುತ್ತೆ," ಎನ್ನುತ್ತಾರೆ.

ವಾರದ ಆರು ದಿನ ಇವರು ಟೈರಂಗಡಿಯ ಕೆಲಸಗಾರ್ತಿ. ಇಪ್ಪತ್ತೇಳು ವರ್ಷವಾಯಿತು, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಚಕ್ರ ಬಿಚ್ಚಿ ಕಟ್ಟುತ್ತಾರೆ. ಭಾನುವಾರ ಆಟೋಕ್ರಾಸ್ ಇದ್ದರೆ ಇಲ್ಲಿಗೆ ಬರುತ್ತಾರೆ. ಸಾಲಾಗಿಟ್ಟ ಪ್ಲಾಸ್ಟಿಕ್ ಕೋನುಗಳ ನಡುವೆ ಒಂದೊಂದೇ ಕಾರು ಬಳುಕಿಕೊಂಡು ಓಡುವ ಆಟ ಅದು. ಒಂದು ಓಟ ಒಂದು ನಿಮಿಷವೂ ಇರುವುದಿಲ್ಲ. ಒಬ್ಬೊಬ್ಬರಿಗೆ ಮೂರು ಓಟ, ಅದರಲ್ಲಿ ಚೆನ್ನಾಗಿ ಬಂದದ್ದೇ ಲೆಕ್ಕ. ಪ್ರತಿ ಓಟಕ್ಕೂ ಮುಂಚೆ ಇವರು ಪ್ರತಿ ಟೈರಿನ ಭುಜದ ಮೇಲೆ, ಮಗ್ಗುಲಿಗೆ ತಿರುಗುವ ಅಂಚಿನಲ್ಲಿ, ಮೂರು ಬಿಳಿ ಗೆರೆ ಎಳೆಯುತ್ತಾರೆ. ಕಾರು ಮರಳಿ ಬಂದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ಬಗ್ಗಿ ನೋಡಿ, ಗಾಳಿ ಹೆಚ್ಚಿಸಬೇಕೋ ಇಳಿಸಬೇಕೋ ಹೇಳುತ್ತಾರೆ. ಅದಕ್ಕೇ ಎಲ್ಲರ ಬಾಯಲ್ಲೂ ಇವರು ಚಾಕ್‌ಪೀಸಮ್ಮ. ನಲವತ್ತು ಕಾರು, ಮೂರು ಓಟ. ಸಂಜೆಗೆ ಮಂಡಿ ತನ್ನ ಮಾತು ತಾನು ಹೇಳಿಕೊಳ್ಳುತ್ತದೆ.

"ಅಮ್ಮಾ, ನನ್ನ ಗಾಡಿಗೆ ಯಾವ ಟೈರು ಹಾಕಲಿ?" ಕೆಂಪು ಕಾರಿನ ಬೇಕರಿಯವನು ಕೇಳುತ್ತಾನೆ.

"ನಿನ್ನ ಗಾಡಿಗೆ ಟೈರಲ್ಲಪ್ಪ, ಡ್ರೈವರ್ ಬದಲಾಯಿಸಬೇಕು."

ನಗು ಮಂಜಿನಲ್ಲಿ ಸ್ವಲ್ಪ ದೂರ ಹೋಗಿ ಕರಗುತ್ತದೆ. ಆದರೆ ಅವರ ಕಣ್ಣು ಸಾಲಿನ ಕೊನೆಯ ನೀಲಿ ಕಾರಿನ ಮೇಲಿದೆ. ಅದು ಮಗಳದು. ಗುಡ್ಡದಾಚೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ದಿನವೂ ಇದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹಾಗಾಗಿ ಕಾರಿಗೆ ಇರುವುದು ಮಳೆ, ಚಳಿ, ಬಿಸಿಲು ಎಲ್ಲಕ್ಕೂ ಒಗ್ಗುವ ಆಲ್ ಸೀಸನ್ ಟೈರು. ಬೇಸಿಗೆ ಟೈರು ಹಾಕಿದ ಇನ್ನೂ ನಾಲ್ಕು ಚಕ್ರ ಅಮ್ಮನ ವ್ಯಾನಿನಲ್ಲಿವೆ. ಅದರ ರಬ್ಬರು ಬಿಸಿಯಾದರೆ ನೆಲವನ್ನು ಕಚ್ಚಿ ಹಿಡಿಯುತ್ತದೆ, ತಣ್ಣಗಿದ್ದರೆ ಮುನಿಸಿಕೊಳ್ಳುತ್ತದೆ.

ಹೋದ ವರ್ಷ ಇಂಥದ್ದೇ ಚಳಿಯಲ್ಲಿ ಅಮ್ಮ, "ಆಲ್ ಸೀಸನ್ನೇ ಇರಲಿ" ಎಂದಿದ್ದರು. ಹೊತ್ತೇರಿದಂತೆ ನೆಲ ಬಿಸಿಯೇರಿತು. ಮಗಳು ಸೆಕೆಂಡಿನ ಹತ್ತರಲ್ಲಿ ಎರಡು ಪಾಲಿನಿಂದ ಸೋತಳು.

"ಬಿಸಿ ಲೋಟ ಹಿಡಿದಿದ್ದ ಕೈಯಲ್ಲಿ ನೆಲ ಮುಟ್ಟಿದ್ದೆ. ಬಿಸಿ ಕೈಗೆ ಎಲ್ಲವೂ ತಣ್ಣಗೇ ಅಲ್ಲವಾ?" ಎನ್ನುತ್ತಾರೆ ಅಮ್ಮ. ಅಂದಿನಿಂದ ಓಟ ಮುಗಿಯುವವರೆಗೂ ಅವರು ಬಿಸಿಯದೇನನ್ನೂ ಮುಟ್ಟುವುದಿಲ್ಲ. ಅಂದಿನಿಂದ ಮಗಳೂ ಟೈರಿನ ವಿಷಯದಲ್ಲಿ ಅಮ್ಮನನ್ನು ಕೇಳುವುದಿಲ್ಲ. ಫೋನು ನೋಡುತ್ತಾಳೆ. "ಬೈದಿದ್ದರೆ ಪರವಾಗಿರಲಿಲ್ಲ. ಕೇಳೋದನ್ನೇ ಬಿಟ್ಟಳು," ಎನ್ನುವಾಗ ಅಮ್ಮನ ಕೈಯ ಚಾಕ್‌ಪೀಸ್ ಸುಮ್ಮನೆ ತಿರುಗುತ್ತಿರುತ್ತದೆ.

ಮೊದಲ ಓಟವನ್ನು ಮಗಳು ಆಲ್ ಸೀಸನ್ನಿನಲ್ಲೇ ಓಡಿಸುತ್ತಾಳೆ. ಬಂದಾಗ ಗೆರೆಗಳು ಪೂರ್ತಿ ಅಳಿಸಿವೆ. ತಿರುವಿನಲ್ಲಿ ಮೆತ್ತನೆಯ ಟೈರು ಮಗ್ಗುಲಿಗೆ ಹೊರಳಿದೆ.

"ಬದಲಾಯಿಸೋಣ ಕಣೇ."

"ಏಳು ಡಿಗ್ರಿ ಅಂತಿದೆ ಫೋನಿನಲ್ಲಿ. ಬೇಸಿಗೆ ಟೈರು ಕಲ್ಲಾಗಿರುತ್ತೆ."

"ಫೋನು ಗಾಳಿ ನೋಡುತ್ತೆ. ನೀನು ಓಡಿಸೋದು ನೆಲದ ಮೇಲೆ."

"ಎರಡು ಗಂಟೆಗೆ ಡ್ಯೂಟಿ ಅಮ್ಮ. ಮತ್ತೆ ಯಾರು ಬಿಚ್ಚಿ ಕಟ್ಟೋದು?"

"ಬಿಚ್ಚೋಳು ನಾನು, ಕಟ್ಟೋಳೂ ನಾನು. ನಿನಗೇನು ಭಾರ?"

ಮಗಳು ಬಾನಿನ ಕಡೆ ನೋಡಿ ಉಸಿರು ಬಿಡುತ್ತಾಳೆ. ಅದನ್ನೇ ಒಪ್ಪಿಗೆ ಎಂದುಕೊಂಡು ಅಮ್ಮ ಜಾಕ್ ಏರಿಸುತ್ತಾರೆ. ಇಪ್ಪತ್ತು ನಿಮಿಷದಲ್ಲಿ ನಾಲ್ಕೂ ಚಕ್ರ ಬದಲು.

ಎರಡನೆಯ ಓಟ ಮೊದಲಿನದಕ್ಕಿಂತ ನಿಧಾನ. ಮಗಳು ಬಾಗಿಲನ್ನು ಜೋರಾಗಿ ಹಾಕುತ್ತಾಳೆ. ಅಮ್ಮ ಟೈರು ಮುಟ್ಟಿ, ನೆಲ ಮುಟ್ಟಿ, "ಒಂದು ಗಳಿಗೆ ತಡಿ" ಎನ್ನುತ್ತಾರೆ. ಬಿತ್ತಿದ ಮೇಲೆ ಹೊಲದ ಬದುವಿನಲ್ಲಿ ಕೂತವರ ತಾಳ್ಮೆ ಅದು. ಮಂಜು ಮೆಲ್ಲಗೆ ಮೇಲೇಳುತ್ತದೆ. ಬಿರುಕಿನ ಹುಲ್ಲಿನಲ್ಲಿ ಹನಿಗಳು ಒಂದೊಂದೇ ಆರುತ್ತವೆ. ಬೂದು ಸಿಮೆಂಟು ಹಾಲಿನ ಬಣ್ಣಕ್ಕೆ ತಿರುಗಿ, ಬಯಲೆಲ್ಲ ಕಣ್ಣು ಬಿಟ್ಟಂತೆ ಕಾಣುತ್ತದೆ.

ಮೂರನೆಯ ಓಟಕ್ಕೆ ಕಾರು ಹೊರಡುವಾಗ ಗಂಟೆ ಹನ್ನೊಂದರ ಹತ್ತಿರ. ಮರಳಿದಾಗ ಗೆರೆ ಬೇಕಾದಂತೆ ಅರ್ಧದವರೆಗಷ್ಟೇ ಅಳಿಸಿದೆ, ಟೈರು ಬಿಸಿಲಿಗೆ ಕಾದ ಇಟ್ಟಿಗೆಯಷ್ಟು ಬೆಚ್ಚಗಿದೆ. ಮೈಕಿನಲ್ಲಿ ಸಮಯ ಹೇಳುತ್ತಾರೆ. ಉಳಿದವರೆಲ್ಲರಿಗಿಂತ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಮುಂದೆ! ಬೇಕರಿಯವನು ಶಿಳ್ಳೆ ಹಾಕುತ್ತಾನೆ.

ಬಹುಮಾನಕ್ಕೆ ಕರೆಯುವ ಹೊತ್ತಿಗೆ ಅಮ್ಮ ಆಗಲೇ ಕಾರಿನಡಿ ಜಾಕ್ ಇಟ್ಟಿದ್ದಾರೆ. ಗುಡ್ಡದ ದಾರಿಗೆ ಬಿಸಿಲು ಬೀಳುವುದಿಲ್ಲ, ಇಡೀ ದಿನ ಒದ್ದೆ. ಇಲ್ಲಿ ಗೆಲ್ಲಿಸಿದ ಟೈರು ಅಲ್ಲಿ ಜಾರಿಸುತ್ತದೆ. ಮಗಳು ಗೆದ್ದ ಕಪ್ಪನ್ನು ಸೀಟಿನ ಮೇಲೆ ಎಸೆದು ಬಂದು, ಪಕ್ಕದಲ್ಲಿ ಕೂತು, ಬಿಚ್ಚಿದ ನಟ್ಟುಗಳನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಕೊನೆಯ ಚಕ್ರದ ಹೊತ್ತಿಗೆ ಕೇಳುತ್ತಾಳೆ: "ಅಮ್ಮ, ಚಳಿ ಪೂರ್ತಿ ಹಿಡಿದ ಮೇಲೆ ಯಾವ ಟೈರು ಹಾಕೋಣ?"

ಅಮ್ಮ ನಟ್ಟು ಬಿಗಿ ಮಾಡುತ್ತಾರೆ, ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು. "ಅವತ್ತಿನ ನೆಲ ನೋಡಿ ಹೇಳ್ತೀನಿ," ಎನ್ನುತ್ತಾರೆ.

ನೀಲಿ ಕಾರು ಹೊರಟುಹೋಗುತ್ತದೆ. ಮಗಳ ಗೆಲುವಿನ ಓಟ ಹೇಗಿತ್ತು ಎಂದು ಕೇಳಿದರೆ ಚಾಕ್‌ಪೀಸಮ್ಮ ನಾಚಿಕೊಳ್ಳುತ್ತಾರೆ.

"ಎಲ್ಲಿ ನೋಡಿದೆ? ಮುಂದಿನ ಗಾಡಿಗೆ ಗೆರೆ ಎಳೀತಾ ಇದ್ದೆ. ಒಂದು ಸಲ ಸುಮ್ಮನೆ ನಿಂತು, ಮೊದಲಿಂದ ಕೊನೆವರೆಗೂ ನೋಡಬೇಕು ಅಂತ ಆಸೆ. ಚೆನ್ನಾಗಿ ಓಡಿಸ್ತಾಳಂತೆ."