ರೇಜಿನಾ ಅತ್ತೆ ಸಂತಳಾದ ಮೇಲೆ

ಬೇವಿನೆಲೆ ಕುದಿಯುವ ಕಹಿ ವಾಸನೆ ಎಲ್ಲಿಂದಲಾದರೂ ಬಂದರೆ ಗೋಕಾಕದ ನಮ್ಮ ಮನೆಯ ಹಿತ್ತಿಲು ಕಣ್ಣೆದುರು ನಿಲ್ಲುತ್ತದೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದ ಕಾಲ. ನನಗೆ ಹತ್ತು ವರ್ಷ. ಅಪ್ಪನ ಅಕ್ಕ ರೇಜಿನಾ ಅತ್ತೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ನಮ್ಮೊಂದಿಗೇ ಇದ್ದಳು. ಸಂತೆಯ ದಿನ ಆ ಬೇವಿನ ನೀರನ್ನು ಕೊಡದಲ್ಲಿ ತುಂಬಿಕೊಂಡು, ಹಳೆಯ ಧೋತರ ಹರಿದು ಮಾಡಿದ ಪಟ್ಟಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಹೊಳೆದಂಡೆಗೆ ಹೋಗುತ್ತಿದ್ದಳು. ಹುಕ್ಕೇರಿ, ದಡ್ಡಿ ಕಡೆಯಿಂದ ಊರಿನಿಂದ ಹೊರಹಾಕಿಸಿಕೊಂಡು ಬಂದ ಕುಷ್ಠರೋಗಿಗಳು ಅಲ್ಲಿ ಕೂತಿರುತ್ತಿದ್ದರು. ಅವರ ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಮನೆಗೆ ಬಂದು ಮಿಂದು, ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅವಳ ಬೆರಳು ನೆತ್ತಿಯ ಮೇಲೆ ಓಡಾಡಿದರೆ ನನಗೆ ಕೂತಲ್ಲೇ ನಿದ್ದೆ ಹತ್ತುತ್ತಿತ್ತು.

ನಮ್ಮೂರಲ್ಲಿ ಕ್ರೈಸ್ತರ ಮನೆಗಳು ಕೆಲವೇ. ತಿಂಗಳಿಗೊಮ್ಮೆ ಬೆಳಗಾವಿಯಿಂದ ಪಾದ್ರಿಗಳು ಬಂದು ಪೂಜೆ ನಡೆಸುತ್ತಿದ್ದರು. ಸಕಲ ಸಂತರ ಹಬ್ಬದಂದು ಅವರು, "ಸಂತರು ಸ್ವರ್ಗದಲ್ಲಷ್ಟೇ ಇಲ್ಲ, ಈ ಚಾಪೆಯ ಮೇಲೂ ಒಬ್ಬರು ಕೂತಿದ್ದಾರೆ" ಎಂದರು. ಎಲ್ಲರೂ ಅತ್ತೆಯತ್ತ ತಿರುಗಿದರು. ಅವಳು ಸೆರಗೆಳೆದುಕೊಂಡು ತಲೆ ತಗ್ಗಿಸಿದಳು. ಪೂಜೆ ಮುಗಿದ ಮೇಲೆ, ನೀರಿನ ಕೊಡ ಹೊರಲು ಯಾರಾದರೂ ಜೊತೆಗೆ ಬನ್ನಿ ಎಂದು ಅವಳು ಕೇಳಿದಾಗ ಹೆಂಗಸರು ಕೈಮುಗಿದರು.

"ನೀವು ಸಂತ್ರು ಅದೀರಿ, ನಿಮಗ ನೀಗತೈತ್ರಿ. ನಮ್ಮಂಥಾ ಪಾಪಿಗಳಿಗೆ ಆಗೂದನ್ರಿ?"

ದಾರಿಯಲ್ಲಿ ಅತ್ತೆ ನನಗೆ ಹೇಳಿದಳು: "ಪಾದ್ರಿಗಳು ಹಂಗ ಅನ್ನಬಾರದಿತ್ತವ್ವಾ. ಇನ್ನ ಯಾರೂ ಬರಂಗಿಲ್ಲ."

ಯಾರೂ ಬರಲಿಲ್ಲ. ಮರುವರ್ಷ ಒಂದು ಬೆಳಿಗ್ಗೆ ರೊಟ್ಟಿ ಬೇಯಿಸುವಾಗ ಅತ್ತೆಯ ಬೆರಳು ಕಾದ ಹಂಚಿಗೆ ತಾಗಿ ಸುಟ್ಟಿತು. ಅವಳಿಗೆ ತಿಳಿಯಲೇ ಇಲ್ಲ. ಅವ್ವ ನೋಡಿ ಕಿರುಚಿದಳು. ಅತ್ತೆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಒಲೆಯ ಮುಂದಿನಿಂದ ಎದ್ದಳು. ಅಪ್ಪ ಹಿತ್ತಿಲಲ್ಲಿ ಅವಳಿಗೊಂದು ಗುಡಿಸಲು ಹಾಕಿಸಿದ. ತಾಟು, ಚರಿಗೆ ಬೇರೆಯಾದವು. ಕೈಮುಗಿದಿದ್ದ ಹೆಂಗಸರು ನಮ್ಮ ಓಣಿಗೆ ಬರುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ಅತ್ತೆ ಗುಡಿಸಲ ಬಾಗಿಲಲ್ಲಿ ಬಾಚಣಿಗೆ ಹಿಡಿದು ಕೂತು ಕರೆದಳು, "ಬಾರವ್ವಾ, ತಲಿ ಹಿಕ್ಕತೀನಿ."

"ಅವ್ವ ಬ್ಯಾಡ ಅಂದಾಳ" ಎಂದೆ. ಅವ್ವ ನನಗೆ ಹಾಗೆ ಹೇಳಿರಲೇ ಇಲ್ಲ.

"ಖರೆ ಐತಿ. ಅವ್ವನ ಮಾತು ಮೀರಬಾರದು" ಎಂದು ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಪಾದ್ರಿಗಳು ಚೀಟಿ ಬರೆದುಕೊಟ್ಟರು. ಅಪ್ಪ ಅವಳನ್ನು ದೂರದ ಕುಷ್ಠಾಶ್ರಮವೊಂದರಲ್ಲಿ ಬಿಟ್ಟುಬಂದ. ಅವಳು ಹೊರಟ ದಿನ ನಾನು ಬೇಕೆಂದೇ ಬೇಗ ಶಾಲೆಗೆ ಹೋಗಿದ್ದೆ. ನಾಲ್ಕು ವರ್ಷ ಅಲ್ಲಿದ್ದಳು. ಕ್ರಿಸ್‌ಮಸ್ಸಿಗೆ ಅಂಚೆಯಲ್ಲಿ ಸೀರೆ ಕಳಿಸಿದೆವು, ನಾವು ಹೋಗಲಿಲ್ಲ. ತೀರಿಕೊಂಡ ಸುದ್ದಿಯ ಕಾಗದ ಎರಡು ತಿಂಗಳು ತಡವಾಗಿ ಬಂತು. ಪಾದ್ರಿಗಳು ಪೂಜೆಯಲ್ಲಿ ಅವಳ ಹೆಸರೆತ್ತಿದಾಗ ಅದೇ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ನನಗೆ ಅಳು ಬರಲಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಹೊಗಳಿ ಹೊಗಳಿ ನೀವೂ ದೂರ ಮಾಡಿದವರು.

ಕೊನೆಗಳಿಗೆಯಲ್ಲಿ ಅವಳ ಪಕ್ಕ ಯಾರಿದ್ದರು, ಎಲ್ಲಿ ಮಣ್ಣು ಮಾಡಿದರು ಎಂಬುದು ಕಾಗದದಲ್ಲಿ ಇರಲಿಲ್ಲ. ಅಪ್ಪ ಬರೆದು ಕೇಳಲಿಲ್ಲ. ಆಗ ನನಗೂ ಬರೆಯಲು ಬರುತ್ತಿತ್ತು, ನಾನೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಹೇಳುವವರಿಲ್ಲ.