ಬೈರಮ್ಮ ಒರೆಸಿದ ಮೇಜು

ಬೈರಮ್ಮನ ಮಂಡಿ ಕೈಕೊಟ್ಟಿತ್ತು. ಮಂಡಿಯ ಸಮಾಚಾರವೇ ಹಾಗೆ. ದುಡಿಯುವಷ್ಟು ಕಾಲ ಅದೊಂದಿದೆ ಎಂದು ಯಾರೂ ನೆನೆಯುವುದಿಲ್ಲ, ದುಡಿಮೆ ಮುಗಿದ ಮೇಲೆ ಅದು ತನ್ನ ಸುದ್ದಿ ಬಿಟ್ಟು ಬೇರೆ ಮಾತಾಡಗೊಡುವುದಿಲ್ಲ. ಇನ್ನು ನೆಲದ ಮೇಲೆ ಕೂರಕೂಡದು, ಊಟಕ್ಕೂ ಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಎಪ್ಪತ್ತು ದಾಟಿದ ಬೈರಮ್ಮ ಅಲ್ಲಿಯವರೆಗೂ ಅಡುಗೆಮನೆಯ ನೆಲದಲ್ಲಿ ಗೋಡೆಗೆ ಬೆನ್ನು ಕೊಟ್ಟು ಉಂಡವಳು. ಅವಳು ಎದುರಾಡಲಿಲ್ಲ. ಮನೆಗೆ ಬಂದು, ಅಡುಗೆಕಟ್ಟೆಗೆ ಒರಗಿ ನಿಂತು, ತಟ್ಟೆಯನ್ನು ಕೈಯಲ್ಲಿ ಹಿಡಿದು ಉಣ್ಣತೊಡಗಿದಳು. ಮಗಳು ವಿಶಾಖಾಗೆ ಅದನ್ನು ನೋಡಲಾಗಲಿಲ್ಲ.

ವಿಶಾಖಾ ಖಜಾನೆ ಇಲಾಖೆಯಲ್ಲಿ ಅಧಿಕಾರಿ. ಎನ್.ಆರ್. ಕಾಲೋನಿಯಲ್ಲಿ ಅವಳದೂ ಗಂಡ ಅಮರ್‌ನದೂ ಸ್ವಂತ ಮನೆ. ಒಂದು ಶನಿವಾರ ಆ ಮನೆಯ ಮುಂದೆ ಟೆಂಪೋ ನಿಂತು, ಊಟದ ಮೇಜೊಂದು ಕುರ್ಚಿಗಳ ಸಮೇತ ಕೆಳಗಿಳಿಯಿತು. ಬೈರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ತೇಗದ ಮೇಜು. ಒಂದು ಮೂಲೆಯಲ್ಲಿ, ಯಾರೋ ಬಿಸಿ ಪಾತ್ರೆ ಇಟ್ಟು ಸುಟ್ಟ ಗುರುತು. ಅವಳು ಎಲ್ಲಿಂದ, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಸೆರಗಿನ ತುದಿ ಹಿಡಿದು ಮೇಜಿನ ದೂಳು ಒರೆಸಲು ಶುರುಮಾಡಿದಳು.

"ಗುರುತು ಸಿಕ್ತಾ ಅಮ್ಮ?" ಎಂದಳು ವಿಶಾಖಾ.

ಸಿಗದೆ ಏನು? ಅದು ಶಂಕರಪುರದ ಗಿರಿಜಾಂಬಾ ಅವರ ಮನೆಯ ಮೇಜು. ಬೈರಮ್ಮನ ಪ್ರಾಯವೆಲ್ಲ ಆ ಹಲಗೆಯ ಮೇಲೇ ಸವೆದಿತ್ತು.

ಮಾಲೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವಳ ಗಂಡ ಮುನಿಸ್ವಾಮಿ ತರಗುಪೇಟೆಯಲ್ಲಿ ಬೇಳೆ ಮೂಟೆ ಹೊರುತ್ತಿದ್ದ. ವಿಶಾಖಾ ಇನ್ನೂ ಕೈಗೂಸು, ಅಷ್ಟರಲ್ಲಿ ಅವನ ಬೆನ್ನು ಮುರಿಯಿತು. ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ಬೈರಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಗಿರಿಜಾಂಬಾ ಅವರ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತಳು. ವಿಶಾಖಾ ಕೆಲಸಕ್ಕೆ ಸೇರಿ ಮೊದಲ ಸಂಬಳ ತರುವವರೆಗೂ ಆ ಬಾಗಿಲಲ್ಲೇ ಹೋಗಿಬಂದಳು.

ಗಿರಿಜಾಂಬಾ ಕೆಟ್ಟವರಲ್ಲ. ದನಿ ಏರಿಸಿದವರಲ್ಲ, ಹಬ್ಬಕ್ಕೆ ಸೀರೆ ತಪ್ಪಿಸಿದವರಲ್ಲ. ಮಧ್ಯಾಹ್ನದ ಊಟವನ್ನೂ ಕೊಡುತ್ತಿದ್ದರು, ಹಿತ್ತಿಲ ಒಗೆಯುವ ಕಲ್ಲಿನ ಪಕ್ಕದಲ್ಲಿ. ಮೇಜಿನ ಮುಂದೆ ಕೂರಬೇಡ ಎಂದು ಆ ಮನೆಯಲ್ಲಿ ಯಾರೂ ಬೈರಮ್ಮನಿಗೆ ಹೇಳಲಿಲ್ಲ. ಹೇಳಬೇಕಾದ ಪ್ರಮೇಯವೇ ಬರಲಿಲ್ಲವಲ್ಲ. ಮೇಜನ್ನು ಒರೆಸುವುದು ಅವಳ ಕೆಲಸ. ದಿನಾ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ರಟ್ಟೆ ಬೀಳುವ ಹಾಗೆ ಉಜ್ಜುವುದು. ಬಂದ ನೆಂಟರು ಮುಖ ಕಾಣುತ್ತದಲ್ಲ ಎಂದು ಹೊಗಳಿದರೆ ಗಿರಿಜಾಂಬಾ, ಅದೆಲ್ಲ ನಮ್ಮ ಬೈರಿ ಕೈಗುಣ ಎನ್ನುತ್ತಿದ್ದರು. ಆ ಮಾತಿಗೆ ಬಾಗಿಲ ಮರೆಯಲ್ಲಿ ನಿಂತ ಬೈರಮ್ಮನ ಜೀವ ಹಿಗ್ಗುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ನಿಜವಾಗಿ ಹಿಗ್ಗುತ್ತಿತ್ತು.

ಪುಟ್ಟ ವಿಶಾಖಾಳ ಜಾಗ ಆ ಮೇಜಿನ ಅಡಿ. ತಣ್ಣನೆಯ ಕೆಂಪು ನೆಲ, ಒಂದು ಸ್ಲೇಟು, ಒಂದು ಬಳಪ. ಉಸಿರೆತ್ತಬಾರದು, ಆಚೆ ಬರಬಾರದು ಎಂದು ತಾಯಿಯ ಕಟ್ಟಪ್ಪಣೆ.

ಈಗ ಗಿರಿಜಾಂಬಾ ಇಲ್ಲ. ಅಪಾರ್ಟ್‌ಮೆಂಟ್ ಏಳಲೆಂದು ಮನೆಯನ್ನೂ ಕೆಡವುತ್ತಿದ್ದರು. ಸಾಮಾನೆಲ್ಲ ಹಳೇ ಫರ್ನಿಚರ್ ಅಂಗಡಿಗೆ ಹೋಗಿತ್ತು. ಆಫೀಸಿನಿಂದ ಬರುವಾಗ ಅಂಗಡಿಯ ಮುಂದೆ ಮೇಜನ್ನು ಕಂಡ ವಿಶಾಖಾ ಹಿಂದೆಮುಂದೆ ನೋಡದೆ ಕೊಂಡು ತಂದಿದ್ದಳು. ತನ್ನ ತಾಯಿ ಇದೇ ಮೇಜಿನ ಮುಂದೆ, ಇದೇ ಕುರ್ಚಿಯಲ್ಲಿ ಕೂತು ಉಣ್ಣಬೇಕು. ಅಷ್ಟು ಕಂಡರೆ ಸಾಕು, ತನ್ನ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಳು.

ಬೈರಮ್ಮ ಕೂತಳು. ಮಗಳ ಮುಖ ನೋಡಿ ಕೂತಳು. ಕುರ್ಚಿಯ ಅಂಚಿಗೆ, ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಇಳಿಯುವವರ ಹಾಗೆ. ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಮೇಜಿನ ಮೇಲೆ ಒಂದು ಹನಿ ನೀರು ಕಣ್ಣಿಗೆ ಬೀಳುವುದು, ಎಡಗೈ ಸೆರಗು ಹುಡುಕುವುದು. ಒರೆಸಿದ ಮೇಲೆ ಇನ್ನೊಂದು ಕಡೆ ಮಂಕಾಗಿ ಕಾಣುವುದು. ಕೊನೆಗೆ ತಟ್ಟೆ ಎತ್ತಿಕೊಂಡು ಅಡುಗೆಕಟ್ಟೆಗೇ ಹೋಗಿ ನಿಂತಳು. ದಿನಾ ಇದೇ ಆಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅನ್ನುವವರಿಗೇನು? ಇದು ಹುಟ್ಟಿನಿಂದ ಬಂದದ್ದಲ್ಲ, ಇನ್ನೊಬ್ಬರ ಮನೆಯಲ್ಲಿ ಕಲಿತದ್ದು. ಕಲಿತದ್ದು ಕೂಡ ಸುಲಭಕ್ಕೆ ಹೋಗುವುದಿಲ್ಲ.

ವಿಶಾಖಾಗೆ ಸಿಟ್ಟು ಬಂತು. ಇದು ನಮ್ಮ ಮೇಜು, ಯಾರಪ್ಪನ ಮನೆಯದೂ ಅಲ್ಲ ಎಂದಳು. ಮರುದಿನದಿಂದ ಮಗಳೂ ಮೇಜಿನ ಹತ್ತಿರ ಹೋಗಲಿಲ್ಲ, ತಾಯಿಯ ಪಕ್ಕದಲ್ಲೇ ನಿಂತು ಉಂಡಳು. ಆಫೀಸಿನಿಂದ ದಣಿದು ಬಂದ ಮಗಳು ನಿಂತು ಉಣ್ಣುವುದನ್ನು ನೋಡಿ ಬೈರಮ್ಮನಿಗೆ ತಡೆಯಲಾಗಲಿಲ್ಲ.

"ನಾನೇನ್ ಬೇಕೂಂತ ಮಾಡ್ತೀನೇನೆ?" ಎಂದಳು. "ಆ ಹೊಳಪು ಕಂಡ್ರೆ ಕೈ ತಾನಾಗೇ ಬಟ್ಟೆ ಹುಡುಕುತ್ತೆ. ನಾನ್ ಊಟಕ್ಕ್ ಕೂತಿಲ್ಲ, ಕೆಲ್ಸಕ್ಕ್ ಬಂದಿದೀನಿ ಅನ್ಸುತ್ತೆ."

ವಿಶಾಖಾ ತಟ್ಟೆ ಕೆಳಗಿಟ್ಟಳು. ತಾನು ಪ್ರೀತಿಯಿಂದ ತಂದದ್ದು ತಾಯಿಗೆ ಎಂಥ ಹಿಂಸೆಯಾಗಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು.

ಹೊಳಪೇ ತೊಂದರೆಯಾದರೆ ಅದನ್ನು ಮುಚ್ಚಿದರಾಯಿತು. ವಿಶಾಖಾ ರಜೆಯಲ್ಲಿ ಹಳೇ ಸ್ಟೂಲು, ಕಪಾಟುಗಳಿಗೆ ಚಾಕ್ ಪೇಂಟ್ ಬಳಿಯುವುದನ್ನು ಕಲಿತಿದ್ದಳು. ಹಳೇ ಮರದ ಮೇಲೆ ನೇರವಾಗಿ ಹಿಡಿಯುವ ಬಣ್ಣ ಅದು, ಒಣಗಿದ ಮೇಲೆ ಸುಣ್ಣದ ಗೋಡೆಯ ಹಾಗೆ ಮಂದವಾಗಿ ಕೂರುತ್ತದೆ. ಅಮರ್ ಬೇಡವೆಂದ. ಇಂಥ ತೇಗಕ್ಕೆ ಬಣ್ಣ ಬಳಿದರೆ ನೋಡಿದವರು ನಗುತ್ತಾರೆ ಎಂದ. ನಗುವವರು ಬಂದು ಒರೆಸಿಕೊಡಲಿ ಎಂದಳು ವಿಶಾಖಾ.

ಆದರೆ ಬೈರಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳ ಸಂಕಟ ಇನ್ನೊಂದು. ಮೂಟೆ ಹೊತ್ತವನ ದುಡಿಮೆ ಯಾರದೋ ಹೊಟ್ಟೆಗೆ ಹೋಯಿತು. ತೊಳೆದ ಪಾತ್ರೆ ಸಂಜೆಗೆ ಮತ್ತೆ ಕೊಳೆಯಾಯಿತು. ಇಡೀ ಆಯಸ್ಸಿನಲ್ಲಿ ತಾನು ಮಾಡಿದ್ದು ಇದು ಎಂದು ತೋರಿಸಲು ಅವಳಿಗೆ ಉಳಿದದ್ದು ಆ ಹೊಳಪೊಂದೇ. ಮೇಜು ಅವರದು, ಹೊಳಪು ತನ್ನದು. ಅದನ್ನು ಮುಚ್ಚಿಬಿಟ್ಟರೆ? ಹಲವು ದಿನ ಅವಳು ಮೇಜಿನ ಸುತ್ತ ಸುಮ್ಮನೆ ಸುಳಿದಾಡಿದಳು.

ಆಮೇಲೆ ಒಂದು ಭಾನುವಾರ ವಿಶಾಖಾ, ಬಣ್ಣದ ಮಾತು ಬಿಡೋಣ, ಮೇಜನ್ನೇ ಮಾರಿಬಿಡೋಣ ಎಂದಾಗ, ತನ್ನ ಹೊಳಪು ಮತ್ತೆ ಇನ್ನೊಬ್ಬರ ಮನೆ ಸೇರುವುದು ಬೇಡವೆನಿಸಿ ಬೈರಮ್ಮ ಸೀಗೆಪುಡಿ ಕಲಸಿಕೊಂಡು ಬಂದಳು. ಎಣ್ಣೆ ಜಿಡ್ಡು ಹೋಗದೆ ಯಾವ ಬಣ್ಣವೂ ಹಿಡಿಯದೆಂದು ಅವಳಿಗೆ ಗೊತ್ತಿತ್ತು.

"ಎಣ್ಣೆ ಹಚ್ಚಿದ ಕೈ ನಂದು," ಎಂದಳು. "ನಾನೇ ತೆಗೀತೀನಿ."

ಎಣ್ಣೆ ನೀರು ಹಾಕಿಸುವಾಗ ತಲೆ ಉಜ್ಜುವ ಹಾಗೆ ಉಜ್ಜಿದಳು. ಬಕೆಟ್ಟಿನ ನೀರು ಡಿಕಾಕ್ಷನ್ನಿನಂತೆ ಕಪ್ಪಗಾಯಿತು. ಹೊಳಪು ಹೋಗಿ ಮರ ಬಿಳಿಚಿಕೊಂಡಾಗ ಬೈರಮ್ಮನಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ, ಅಳುತ್ತಲೇ ಉಜ್ಜಿದಳು. ವಿಶಾಖಾ ಹತ್ತಿರ ಹೋಗಲಿಲ್ಲ, ಬಕೆಟ್ಟಿನ ನೀರು ಮಾತ್ರ ಬದಲಾಯಿಸಿ ಕೊಟ್ಟಳು.

ಕಾಲುಗಳಿಗೆ ಬಣ್ಣ ಬಳಿಯಲೆಂದು ಮೇಜನ್ನು ಮಗುಚಿದಾಗ ಅಡಿಯ ಎಣ್ಣೆ ಕಾಣದ ಹಲಗೆಯ ಮೇಲೆ ಗೀರುಗಳು ಕಂಡವು. ಬಳಪದಿಂದ ಒತ್ತಿ ಬರೆದ ಅ ಆ ಇ ಈ. ಕೆಲವು ಸೊಟ್ಟ, ಕೆಲವು ಉಲ್ಟಾ. ಅಂಗಾತ ಮಲಗಿ ಬರೆಯುತ್ತಿದ್ದುದನ್ನು ವಿಶಾಖಾ ಮರೆತೇಬಿಟ್ಟಿದ್ದಳು. ಓದು ಬಾರದ ಬೈರಮ್ಮ ಆ ಗೀರುಗಳ ಮೇಲೆ ಬೆರಳಾಡಿಸಿದಳು.

"ನಾನ್ ಮೇಲೆ ಒರೆಸ್ತಾ ಇದ್ದೆ, ನೀನ್ ಕೆಳಗೆ ಬರೀತಾ ಇದ್ದ್ಯಾ?"

ವಿಶಾಖಾ ಹೌದೆಂದು ತಲೆಯಾಡಿಸಿದಳು. ಆ ಭಾಗಕ್ಕೆ ಅವರು ಬಣ್ಣ ಮುಟ್ಟಿಸಲಿಲ್ಲ.

ಬಣ್ಣ ಆರಿಸಿದವಳು ಬೈರಮ್ಮ. ತವರಿನ ಗುಡಿಸಲಿನ ಗೋಡೆಗೆ ಅವಳ ತಾಯಿ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದಳಲ್ಲ, ಆ ತಿಳಿನೀಲಿ. ಮೊದಲ ಬ್ರಷ್ ಎಳೆದವಳೂ ಅವಳೇ. ಬಣ್ಣ ಒಣಗಿತು, ಅದರ ಮೇಲೆ ಮೇಣ ಹಚ್ಚಿದ್ದಾಯಿತು. ಮೇಣ ಗಟ್ಟಿಯಾಗಲು ಇನ್ನೂ ಕೆಲವು ದಿನ ಬೇಕು, ಅಲ್ಲಿಯವರೆಗೆ ಏನಾದರೂ ಚೆಲ್ಲಿದರೆ ಕಲೆ ಉಳಿದೀತು ಎಂದು ವಿಶಾಖಾ ಎಚ್ಚರಿಸಿದಳು. ಬೈರಮ್ಮ, ಇನ್ನೆಷ್ಟು ಕಾಯೋದು, ಬಡಿಸು ಎಂದಳು.

ಅವತ್ತು ಮುದ್ದೆ, ಸೊಪ್ಪಿನ ಸಾರು. ಬೈರಮ್ಮ ಕುರ್ಚಿಯನ್ನು ಎಳೆದುಕೊಂಡು ಕೂತಳು, ಅಂಚಿಗಲ್ಲ, ಬೆನ್ನು ತಾಗಿಸಿ. ಮುದ್ದೆ ಮುರಿಯುವಾಗ ತಟ್ಟೆ ಓರೆಯಾಗಿ ಸಾರು ತುಳುಕಿತು. ನೀಲಿಯ ಮೇಲೆ ಸಾರು ಅಂಗೈಯಗಲ ಹರಡಿತು. ವಿಶಾಖಾ ಗಾಬರಿಯಾಗಿ ಬಟ್ಟೆ ತಂದು ಬಗ್ಗಿದಳು. ಬೈರಮ್ಮ ಎಡಗೈಯಿಂದ ಮಗಳ ಮಣಿಕಟ್ಟು ಹಿಡಿದಳು.

"ಬಿಡು. ಉಂಡ್ಮೇಲೆ ನೋಡೋಣ."

ವಿಶಾಖಾ ಬಟ್ಟೆಯನ್ನು ಪಕ್ಕಕ್ಕಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ಸಾರು ಮೆಲ್ಲಗೆ ಬಣ್ಣಕ್ಕಿಳಿಯುತ್ತಿತ್ತು. ಬೈರಮ್ಮ ಅದನ್ನು ನೋಡುತ್ತಲೇ ತುತ್ತು ನುಂಗಿದಳು, ಕೈ ತಟ್ಟೆಯಲ್ಲೇ ಇತ್ತು. ಆಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿ, ಇನ್ನೊಂದು ಸೌಟು ಸಾರು ಹಾಕು ಎಂದಳು.