ನದಿಗೆ ಅಪ್ರೂವಲ್ ಬೇಕಿರಲಿಲ್ಲ

2012ರಲ್ಲಿ ನಾನು ಟೆಲಿಫೋನ್ ಇಲಾಖೆಯಿಂದ ಸ್ವಯಂ ನಿವೃತ್ತಿ ಪಡೆದು ಜಮಖಂಡಿಯ ಹೊಸ ಟೆಕ್ನಾಲಜಿ ಕಂಪನಿಯೊಂದಕ್ಕೆ ಸೇರಿದೆ. ಹುದ್ದೆಯ ಹೆಸರು ನೆಟ್‌ವರ್ಕ್ ಮ್ಯಾನೇಜರ್. ಕಂಪನಿ ಎಂದರೆ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ನಮ್ಮದು ಬೀಳಗಿ ತಾಲೂಕಿನ ಕುರಿಗಾರರ ಮನೆತನ. ಬೀರೇಶ್ವರನ ಒಕ್ಕಲು. ನಮ್ಮ ಮನೆಯಲ್ಲಿ ಸರಕಾರಿ ಸಂಬಳ ಕಂಡ ಮೊದಲಿಗ ನಾನೇ ಆದ್ದರಿಂದ, ಪಿಂಚಣಿ ಇದ್ದೂ ಹುಡುಗರ ಕಂಪನಿಗೆ ಯಾಕೆ ಹೋಗುತ್ತೀ ಎಂದು ಅಣ್ಣಂದಿರು ನಕ್ಕರು. ನನಗೆ ಮನೆಯಲ್ಲಿ ಕೂತು ಟಿವಿ ನೋಡುವುದು ಆಗದ ಕೆಲಸವಾಗಿತ್ತು.

ಕಂಪನಿ ಕಟ್ಟಿದವನು ಮುಧೋಳದ ಸಂಗಮೇಶ. ಪುಣೆಯಲ್ಲಿ ಎಂಜಿನಿಯರಾಗಿದ್ದು ಊರಿಗೆ ಮರಳಿದ್ದ. ಅವನ ಯೋಚನೆ ಸರಳವಾಗಿತ್ತು. ರೈತ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು, ಅವನಿಗೆ ಖರ್ಚಿಲ್ಲ. ನಮ್ಮ ಕಂಪ್ಯೂಟರ್ ತಿರುಗಿ ಅವನಿಗೆ ಫೋನ್ ಮಾಡಿ, ಮೊದಲೇ ರೆಕಾರ್ಡ್ ಮಾಡಿದ ದನಿಯಲ್ಲಿ ತ್ರೀ ಫೇಸ್ ಕರೆಂಟಿನ ಪಾಳಿ, ಕಬ್ಬಿನ ರೋಗ, ಹೊಳೆಯ ನೀರಿನ ಸುದ್ದಿ ಹೇಳಬೇಕು. ತುರ್ತು ಸುದ್ದಿಯಿದ್ದರೆ ನಾವೇ ಎಲ್ಲರಿಗೂ ಫೋನ್ ಹಚ್ಚಬೇಕು. ಇದಕ್ಕೆ ಐವಿಆರ್ ಎನ್ನುತ್ತಾರೆ. ಬ್ಯಾಂಕಿಗೆ ಫೋನ್ ಮಾಡಿದಾಗ ಒಂದು ಒತ್ತಿ, ಎರಡು ಒತ್ತಿ ಎನ್ನುವ ದನಿ ಕೇಳುತ್ತದಲ್ಲ, ಅದೇ. ಲೈನುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪ್ರೋಗ್ರಾಂ ಬರೆಯುವವಳು ಜಮಖಂಡಿಯವಳೇ ಆದ ಮೆಹಜಬೀನ್. ದನಿ ಕೊಡುವವರು ರಬಕವಿಯ ಗಂಗಾಬಾಯಿ.

ಗಂಗಾಬಾಯಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾಟಕ ಕಂಪನಿಗಳಲ್ಲಿ ನಾಯಕಿಯ ಪಾತ್ರ ಮಾಡಿದವರು. ಆ ಕಂಪನಿಗಳು ಮುಚ್ಚಿದ ಮೇಲೂ ಗತ್ತು ಹಾಗೇ ಉಳಿದಿತ್ತು. ಮೆಟ್ಟಿಲು ಹತ್ತಿ ಬಂದರೆ ಅವರಿಗೆ ಮೊದಲು ಕುರ್ಚಿ, ಆಮೇಲೆ ಚಹಾ, ಆಮೇಲೆ ಮಾತು. ಹಾಳೆ ಕೈಗೆ ಕೊಟ್ಟರೆ ಓದುತ್ತಿರಲಿಲ್ಲ. ಈ ಮಾತು ಕೇಳುವವನು ಎಲ್ಲಿರುತ್ತಾನೆ, ಕೂತಿರುತ್ತಾನೋ ನಿಂತಿರುತ್ತಾನೋ, ಕೈಯಲ್ಲಿ ಏನು ಹಿಡಿದಿರುತ್ತಾನೆ ಎಂದು ವಿಚಾರಿಸುತ್ತಿದ್ದರು. ಗದ್ದೆಯಲ್ಲಿ ನೀರು ತಿರುವುತ್ತಿರುವವನಿಗೆ ಇಷ್ಟುದ್ದ ವಾಕ್ಯ ಹೇಳಿದರೆ ನೀರು ಪಕ್ಕದವನ ಹೊಲಕ್ಕೆ ಹೋಗುತ್ತದೆ ಎಂದು ಸಂಗಮೇಶ ಬರೆದದ್ದನ್ನು ಅರ್ಧಕ್ಕೆ ಇಳಿಸುತ್ತಿದ್ದರು. ಮೆಹಜಬೀನ್ ಇನ್ನೂ ಚಿಕ್ಕದು ಮಾಡಬೇಕೆನ್ನುತ್ತಿದ್ದಳು. ಇಬ್ಬರಿಗೂ ದಿನಾ ಜಗಳ. ಜಗಳ ಮುಗಿದ ಮೇಲೆ ಒಂದೇ ಡಬ್ಬಿಯಲ್ಲಿ ಊಟ.

ಒಳಗಿನ ಕೋಣೆಯೇ ಸ್ಟುಡಿಯೋ. ದನಿ ಗೋಡೆಗೆ ಬಡಿದು ಮರಳಬಾರದೆಂದು ನಾಲ್ಕೂ ಗೋಡೆಗೆ ಹಳೆ ಬಟ್ಟೆ ಹೊಲಿದ ಕೌದಿ ತೂಗುಹಾಕಿದ್ದೆವು. ಕಬ್ಬಿನ ಹಂಗಾಮಿನಲ್ಲಿ ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರುಗಳು ಕೌದಿಗೂ ಜಗ್ಗುತ್ತಿರಲಿಲ್ಲ. ಅವು ದಾಟುವವರೆಗೆ ಗಂಗಾಬಾಯಿ ಕಣ್ಣು ಮುಚ್ಚಿ ಕಾಯುವರು. ಸದ್ದು ಕರಗಿದ ಕೂಡಲೇ, ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುವರು. ಇಲಾಖೆಯಲ್ಲಿ ಕೆಲಸವೆಂದರೆ ಮೇಲಿನಿಂದ ಬಂದದ್ದನ್ನು ಮಾಡುವುದು. ಇಲ್ಲಿ ಪ್ರತಿ ದಿನ ಏನಾದರೊಂದನ್ನು ಹೊಸದಾಗಿ ಹುಟ್ಟಿಸುವುದು. ಐವತ್ತು ದಾಟಿದ ನನಗೆ ಬೆಳಿಗ್ಗೆ ಆಫೀಸಿಗೆ ಹೋಗಲು ಅವಸರವಾಗತೊಡಗಿತ್ತು.

ಮರುವರ್ಷ ಬೆಂಗಳೂರಿನ ಕಂಪನಿಯೊಂದು ನಮಗೆ ಕಾಂಟ್ರ್ಯಾಕ್ಟ್ ಕೊಟ್ಟಿತು. ಬೀಜ, ಗೊಬ್ಬರ ಮಾರುವ ಕಂಪನಿ. ಕೃಷ್ಣೆ, ಘಟಪ್ರಭೆಯ ದಂಡೆಯ ರೈತರಿಗೆ ಆ ಕಂಪನಿಯ ಹೆಸರಿನಲ್ಲಿ ನಮ್ಮ ಸೇವೆ. ನಾಲ್ವರ ಸಂಬಳವೂ ಅದರ ಮೇಲೇ ನಿಂತಿತ್ತು. ಶುರುವಾಗುವ ಮೊದಲು ಅವರ ಅಧಿಕಾರಿಯೊಬ್ಬ ಜಮಖಂಡಿಗೆ ಬಂದ. ಚುರುಕಾದ ಹುಡುಗ, ಮಾತು ನಯ. ಮೆಹಜಬೀನ್ ಬರೆದ ಪ್ರೋಗ್ರಾಂ ನೋಡಿ ಮನಸಾರೆ ಹೊಗಳಿದ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಗಂಗಾಬಾಯಿಯ ದನಿ ಕೇಳಿದ. ತುಟಿಯಂಚಿನಲ್ಲಿ ನಗು ಬಂತು. ಟೆಕ್ನಾಲಜಿ ಚೆನ್ನಾಗಿದೆ, ಆದರೆ ಬ್ರ್ಯಾಂಡಿಗೆ ಈ ಭಾಷೆ ಒಗ್ಗುವುದಿಲ್ಲ, ಬೆಂಗಳೂರಿನಿಂದ ವಾಯ್ಸ್ ಆರ್ಟಿಸ್ಟ್ ಕೈಲಿ ಶುದ್ಧ ಕನ್ನಡದಲ್ಲಿ ಮಾಡಿಸಿ ಕಳಿಸುತ್ತೇವೆ ಎಂದ. ಹೆಡ್‌ಫೋನ್ ಕೆಳಗಿಡುತ್ತ ಇನ್ನೊಂದು ಮಾತು ಸೇರಿಸಿದ. "ಈ ಭಾಷೆ ಸಿನಿಮಾದಲ್ಲಿ ಕಾಮಿಡಿಗೆ ಚೆನ್ನಾಗಿರುತ್ತೆ ಸರ್."

ಗಂಗಾಬಾಯಿ ಕೌದಿ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ದನಿ ಏರಿಸಲಿಲ್ಲ. "ಸಾಹೇಬ್ರ, ಈ ಮಾತಿನ್ಯಾಗ ನಾವು ಹಡದೇವಿ, ಅತ್ತೇವಿ, ನಮ್ಮವರನ್ನ ಮಣ್ಣ ಮಾಡೇವಿ. ನಿಮಗ ನಗಿ ಬಂದ್ರ ಅದು ನಿಮ್ಮ ಕಿವಿದು ತಪ್ಪ" ಎಂದರು. ಚಪ್ಪಲಿ ಮೆಟ್ಟಿ ಕೆಳಗಿಳಿದು ಹೋದರು. ಈ ಮೆಟ್ಟಿಲನ್ನು ಇನ್ನು ಹತ್ತುವುದಿಲ್ಲ ಎಂದು ಮರುದಿನ ಹೇಳಿ ಕಳಿಸಿದರು.

ಆ ಸಂಜೆ ನಮ್ಮ ಮೂವರ ನಡುವೆ ಕಹಿ ಮಾತುಗಳಾದವು. ಕಾಂಟ್ರ್ಯಾಕ್ಟ್ ಬಿಟ್ಟುಬಿಡೋಣ ಎಂದು ಮೆಹಜಬೀನ್ ಹಟ ಹಿಡಿದಳು. ಮುಂದಿನ ತಿಂಗಳು ಬಾಡಿಗೆ ಯಾರು ಕೊಡುತ್ತಾರೆ ಎಂದು ಸಂಗಮೇಶ ಕೇಳಿದ. ಅವನದೂ ಸುಳ್ಳಲ್ಲ. ಕಡೆಗೆ ಒಪ್ಪಿಕೊಂಡೆವು. ಬೆಂಗಳೂರಿನ ದನಿ ಬಂತು. ಕೇಳಲು ಇಂಪಾದ, ಒಂದು ಅಕ್ಷರವೂ ತಪ್ಪದ ಹೆಣ್ಣುದನಿ. ಕಾಂಟ್ರ್ಯಾಕ್ಟಿನಲ್ಲಿ ಒಂದು ಷರತ್ತು ಸೇರಿತು. ಅವರ ಅಪ್ರೂವಲ್ ಇಲ್ಲದ ಯಾವ ದನಿಯೂ ನಮ್ಮ ಲೈನಿನಿಂದ ಹೊರಡಬಾರದು.

ಆ ಮಳೆಗಾಲ ಮಹಾರಾಷ್ಟ್ರದ ಕಡೆ ಮಳೆ ಜೋರಾಯಿತು. ಮೇಲಿನ ಜಲಾಶಯಗಳಿಂದ ನೀರು ಬಿಟ್ಟಿದ್ದಾರೆಂಬ ಸುದ್ದಿ ಒಂದು ಬೆಳಿಗ್ಗೆ ಬಂತು. ನಮ್ಮ ಹೊಳೆಸಾಲಿನ ರೈತರ ಪಂಪ್‌ಸೆಟ್ಟುಗಳು ನೀರಿನ ಅಂಚಿಗೇ ಇರುತ್ತವೆ. ಹೊಳೆ ಏರುವ ಮೊದಲು ಅವನ್ನು ಎತ್ತಿ ದಡದ ಮೇಲೆ ತರದಿದ್ದರೆ ಮೋಟಾರು ಮುಳುಗಿದಂತೆಯೇ. ಬೆಂಗಳೂರಿನವರು ಮೊದಲೇ ಕಳಿಸಿಟ್ಟಿದ್ದ ಎಚ್ಚರಿಕೆಯ ರೆಕಾರ್ಡಿಂಗನ್ನು ಕೂಡಲೇ ಎಲ್ಲ ನಂಬರಿಗೂ ಬಿಟ್ಟೆವು. ಲೈನುಗಳು ಸರಿಯಾಗಿದ್ದವು, ಫೋನುಗಳು ರಿಂಗಾದವು. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಆದರೂ ಸಂಗಮೇಶನಿಗೆ ಸಮಾಧಾನವಾಗಲಿಲ್ಲ. ನಡೀರಿ ಕಾಕಾ, ಕಣ್ಣಲೆ ನೋಡಿ ಬರೋಣು ಎಂದು ಬೈಕ್ ತೆಗೆದ.

ಕೃಷ್ಣೆಗೆ ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜ್ ಹತ್ತಿರ ಒಂದು ಚಹಾದಂಗಡಿಯ ಮುಂದೆ ನಿಂತೆವು. ಕೆಳಗೆ ದಂಡೆಯುದ್ದಕ್ಕೂ ಪಂಪುಗಳು ಇದ್ದಲ್ಲೇ ಇದ್ದವು. ಯಾರಿಗೂ ಅವಸರವಿರಲಿಲ್ಲ. ಎರಡನೆಯ ಸುತ್ತಿನ ಫೋನುಗಳು ಹೋಗುತ್ತಿದ್ದ ಹೊತ್ತು. ಬೆಂಚಿನ ಮೇಲೆ ಕೂತಿದ್ದ ರೈತನೊಬ್ಬನ ಫೋನ್ ರಿಂಗಾಯಿತು. ಕಿವಿಗೆ ಹಿಡಿದ. "ಪ್ರಿಯ ರೈತ ಬಾಂಧವರೇ" ಎಂಬುದು ನನಗೂ ಕೇಳಿಸಿತು. ಅಷ್ಟಕ್ಕೇ ಕಟ್ ಮಾಡಿ ಫೋನನ್ನು ಜೇಬಿಗೆ ಹಾಕಿದ. ಯಾಕೆ ಇಟ್ಟಿರಿ ಎಂದು ಕೇಳಿದೆ. "ಕಾಲರ್ ಟ್ಯೂನ್ ಹಾಕಸ್ಕೋ ಅಂತ ಗಂಟ ಬಿದ್ದಾರ್ರಿ. ಮುಂಜಾನಿಂದ ಎರಡನೇ ಸಲ" ಎಂದ. ಪಕ್ಕದವನೂ ಹಾಗೇ ಮಾಡಿದ್ದ. ಹೊಳೆಗೆ ನೀರು ಬರುತ್ತಿದೆ ಎಂದು ನಾವು ಬಾಯಿಬಿಟ್ಟು ಹೇಳಿದಾಗ ಇಬ್ಬರೂ ಚಹಾ ಬಿಟ್ಟು ಓಡಿದರು. ಆದರೆ ನಾವಿಬ್ಬರು ಬೈಕಿನಲ್ಲಿ ಎಷ್ಟು ಊರಿಗೆ ಹೇಳಿ ಮುಗಿಸುವುದು?

ಸಂಗಮೇಶ ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಮಾಡಿದ. ಆ ಅಧಿಕಾರಿ ಕೆಟ್ಟವನಲ್ಲ, ಪೂರ್ತಿ ಕೇಳಿದ. ಹೊಸ ಮಾತು ಬೇಕಾದರೆ ಬರೆದು ಕಳಿಸಿ, ರೆಕಾರ್ಡ್ ಮಾಡಿಸಿ ಅಪ್ರೂವಲ್ ತೆಗೆದುಕೊಳ್ಳಲು ಎರಡು ದಿನ ಬೇಕು, ನಡುವೆ ಬೇರೆ ದನಿ ಬಿಟ್ಟರೆ ಕಾಂಟ್ರ್ಯಾಕ್ಟ್ ಉಳಿಯುವುದಿಲ್ಲ ಎಂದ. ಬಾಡಿಗೆಯ ಚಿಂತೆ ಮಾಡಿ ಎಲ್ಲಕ್ಕೂ ತಲೆಯಾಡಿಸಿದ್ದ ಸಂಗಮೇಶ ಹೊಳೆಯ ಕಡೆ ನೋಡುತ್ತ ನಿಂತ.

"ಹೊಳಿಗಿ ನಿಮ್ಮ ಅಪ್ರೂವಲ್ ಬೇಕಾಗಿಲ್ಲರಿ ಸರ್" ಎಂದು ಫೋನ್ ಇಟ್ಟ.

ನಾನು ಮೆಹಜಬೀನಳಿಗೆ ಫೋನ್ ಹಚ್ಚಿದೆ. ಗಂಗಾಬಾಯಿ ರಬಕವಿಯಿಂದ ಬಸ್ಸಿನಲ್ಲಿ ಬಂದು ಕೌದಿ ಕೋಣೆ ಸೇರುವಷ್ಟು ಸಮಯವಿರಲಿಲ್ಲ. ಬರುತ್ತಾರೆಂಬ ನಂಬಿಕೆಯೂ ಇರಲಿಲ್ಲ. ಫೋನಿನಲ್ಲೇ ಅವರ ದನಿ ತೆಗೆದುಕೊಳ್ಳಲು ಬರುತ್ತದೇನು ಎಂದು ಕೇಳಿದೆ. ಮಾಡಬಹುದು, ಆದರೆ ದನಿ ಒರಟಾಗುತ್ತದೆ ಎಂದಳು. ಆಗಲಿ ಎಂದೆ. ಅವಳು ಗಂಗಾಬಾಯಿಗೆ ಹೇಳಿದ್ದು ಇಷ್ಟೇ ಎಂದು ಆಮೇಲೆ ಗೊತ್ತಾಯಿತು. "ಅಕ್ಕಾರ, ಸಿಟ್ಟ ನಮ್ಮ ಮ್ಯಾಲ ಇರ್ಲಿ. ಮ್ಯಾಲಿಂದ ನೀರ ಬಿಟ್ಟಾರ, ಪಂಪ್ ಇನ್ನೂ ಹೊಳಿ ಅಂಚಿಗೇ ಅದಾವ." ಗಂಗಾಬಾಯಿ ಏನೂ ಕೇಳದೆ, ರೆಕಾರ್ಡ್ ಒತ್ತು ಎಂದರಂತೆ.

ಬರೆದು ಕೊಟ್ಟವರಿಲ್ಲ, ತಿದ್ದಿದವರಿಲ್ಲ. ದನಿಯ ಹಿಂದೆ ಅವರ ಮನೆಯ ಮಗ್ಗದ ಸದ್ದು ಹಾಗೇ ಕೇಳುತ್ತಿತ್ತು. "ನಾ ರಬಕವಿ ಗಂಗಾಬಾಯಿ ಮಾತಾಡಾಕತ್ತೇನ್ರಿ. ಮ್ಯಾಲಿಂದ ನೀರ ಬಿಟ್ಟಾರ. ಕೈಯಾಗಿನ ಕೆಲಸಾ ಬಿಟ್ಟ ಮೊದಲ ಪಂಪ್ ಎತ್ರಿ. ದನಾ ಹೊಳ್ಯಾಗ ಇಳಸಬ್ಯಾಡ್ರಿ. ಫೋನ್ ಇಟ್ಟ ಬಾಜೂ ಹೊಲದವಗೂ ಹೇಳ್ರಿ."

ಮೆಹಜಬೀನ್ ಅದನ್ನು ಹಾಗೇ ಎಲ್ಲ ನಂಬರಿಗೂ ಬಿಟ್ಟಾಗ ನಾವು ಇನ್ನೂ ಬ್ಯಾರೇಜ್ ಹತ್ತಿರವೇ ಇದ್ದೆವು. ದಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ಫೋನ್ ರಿಂಗಾಗತೊಡಗಿತು. ಒಬ್ಬ ಮುದುಕ ಫೋನಿಗೆ "ಹೂಂನವ್ವಾ, ಎತ್ತಸ್ತೇನಿ" ಎಂದು ಉತ್ತರ ಕೊಟ್ಟು ಮಕ್ಕಳನ್ನು ಕೂಗಿದ. ಇನ್ನೊಬ್ಬ, ಆಕೆ ತನ್ನದಷ್ಟೇ ಹೇಳುತ್ತಾಳೆ, ನಾನು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ ಎಂದು ಬೈದುಕೊಳ್ಳುತ್ತಲೇ ಹಗ್ಗ ಹೆಗಲಿಗೆ ಹಾಕಿಕೊಂಡು ಇಳಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ದಂಡೆಯುದ್ದಕ್ಕೂ ಜನ. ನಾನೂ ಸಂಗಮೇಶನೂ ಪ್ಯಾಂಟು ಮಡಿಚಿ ಯಾರದೋ ಮೋಟಾರಿಗೆ ಕೈ ಕೊಟ್ಟೆವು. ಹೊಳೆ ಮರುದಿನ ಏರಿತು. ಎಲ್ಲ ಪಂಪುಗಳೂ ಉಳಿದವು ಎಂದು ಹೇಳಲಾರೆ. ನಾವು ನಿಂತ ಕಡೆಯವು ಉಳಿದವು. ಹಿಪ್ಪರಗಿಯ ಕಡೆಯಿಂದಲೂ ಅಂಥದೇ ಸುದ್ದಿ ಬಂತು.

ಕಾಂಟ್ರ್ಯಾಕ್ಟ್ ರದ್ದಾದ ಇಮೇಲ್ ಆ ವಾರವೇ ಬಂತು. ಸಂಗಮೇಶ ಅದನ್ನು ಗಟ್ಟಿಯಾಗಿ ಓದಿದ. ಮೆಹಜಬೀನ್ ಪೇಡೆ ತರಿಸಿದಳು. ಮುಂದಿನ ತಿಂಗಳುಗಳು ಬಿಗಿಯಾಗಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಗಂಗಾಬಾಯಿ ಮಾತ್ರ ಕರೆಯದೆಯೇ ಮೆಟ್ಟಿಲು ಹತ್ತಿ ಬಂದು ಕುರ್ಚಿ, ಚಹಾ ಎರಡನ್ನೂ ಕೇಳಿ ಪಡೆದರು. ಹಂಗಾಮು ಶುರುವಾದಾಗ ಬಾಡಗಂಡಿ ಕಡೆಯ ಕಬ್ಬು ಬೆಳೆಗಾರರ ಗುಂಪೊಂದು ತಾನಾಗಿ ನಮ್ಮನ್ನು ಹುಡುಕಿಕೊಂಡು ಬಂತು. ಅವರು ಇಟ್ಟ ಷರತ್ತು ಒಂದೇ, ಆ ಅಕ್ಕನೇ ಮಾತಾಡಬೇಕು. ಅದೇ ಹೊತ್ತಿಗೆ ಬೆಂಗಳೂರಿನ ಅಧಿಕಾರಿಯೂ ಫೋನ್ ಮಾಡಿ, ಬೇರೆ ಜಿಲ್ಲೆಗಳಿಗೆ ಗಂಗಾಬಾಯಿಯ ದನಿ ಸಿಗಬಹುದೇ, ಉಚ್ಚಾರ ಸ್ವಲ್ಪ ತಿದ್ದಿಕೊಂಡರೆ ಸಾಕು ಎಂದು ವಿಚಾರಿಸಿದ. ಗಂಗಾಬಾಯಿ ಫೋನ್ ಕೈಗೆ ತೆಗೆದುಕೊಳ್ಳಲೂ ಇಲ್ಲ. ಒಲ್ಲೆ ಅಂತ ಹೇಳ್ರಿ ಎಂದರು.

ಸ್ಮಾರ್ಟ್‌ಫೋನುಗಳು ಬಂದ ಮೇಲೆ ನಮ್ಮ ಸೇವೆಗೆ ಬೇಡಿಕೆ ಇಳಿದು, ಕೆಲವು ವರ್ಷಗಳ ನಂತರ ಕಂಪನಿ ಮುಚ್ಚಿತು. ಅದಕ್ಕೆ ಯಾರೂ ಅಳಲಿಲ್ಲ. ಮಾಡುವಷ್ಟು ಮಾಡಿದ್ದೆವು.

ನಾನು ಬದುಕಿನ ಬಹುಭಾಗ ತಂತಿ, ಕಂಬ, ಎಕ್ಸ್‌ಚೇಂಜುಗಳ ನಡುವೆ ಕಳೆದವನು. ಆ ತುದಿಯಲ್ಲಿ ಗಂಟೆ ಬಾರಿಸಿದರೆ ಮಾತು ತಲುಪಿತು ಎಂದೇ ತಿಳಿದಿದ್ದೆ. ಕೇಳುವವನು ಫೋನ್ ಇಡದೆ ಉಳಿದರೆ ಮಾತ್ರ ತಲುಪಿದಂತೆ ಎಂಬುದನ್ನು ಆ ಎರಡು ಕೋಣೆಯ ಕಂಪನಿ ಕಲಿಸಿತು. ಈ ಬರಹವನ್ನು ಪುಸ್ತಕದ ಕನ್ನಡದಲ್ಲಿ ಬರೆದಿದ್ದೇನೆ, ಸಾಲೆಯಲ್ಲಿ ಕಲಿತದ್ದು ಅದು, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಈಗ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಹುಡುಗರ ಮುಂದೆ ಮಾತಾಡಲು ಕರೆದಾಗ, ಸರ್ ಸ್ವಲ್ಪ ಶುದ್ಧ ಕನ್ನಡದಾಗ ಮಾತಾಡ್ರಿ ಎಂದು ಸಂಘಟಕರು ಕಿವಿಯಲ್ಲಿ ಹೇಳುವುದುಂಟು. ಆಗಲಿ ಎಂದು ತಲೆಯಾಡಿಸುವುದನ್ನು ನಾನು ಬಿಟ್ಟಿದ್ದೇನೆ. ಮೈಕಿನ ಮುಂದೆ ನಿಂತು, ನನ್ನವ್ವ ಕುರಿ ಕರೆಯುತ್ತಿದ್ದ ಮಾತಿನಲ್ಲೇ ಐವಿಆರ್ ಎಂದರೇನು ಎಂದು ವಿವರಿಸುತ್ತೇನೆ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.